ಇಪ್ಪತ್ತು ನಿಮಿಷದ ಅಣು

ಗಾಂಜಾ ಮನುಷ್ಯನ ಮಿದುಳನ್ನು ಏನು ಮಾಡುತ್ತದೆಂಬ ಪ್ರಶ್ನೆಗೆ ನಮ್ಮಲ್ಲಿ ಬಹುಕಾಲದಿಂದ ಎರಡು ಉತ್ತರಗಳು ಸಿದ್ಧವಾಗಿವೆ. ಸಾಧುಸಂತರು ಸೇವಿಸಿದ ಸೊಪ್ಪು, ಅದರಿಂದ ಕೇಡೇನೂ ಇಲ್ಲವೆಂಬುದು ಒಂದು. ಅದನ್ನು ಮುಟ್ಟಿದವನು ಹುಚ್ಚನಾಗದೆ ಉಳಿಯಲಾರನೆಂಬುದು ಇನ್ನೊಂದು. ಎರಡನ್ನೂ ಗಂಟಲೆತ್ತಿ ಹೇಳುವವರುಂಟು. ಬದುಕಿರುವ ಮನುಷ್ಯನ ಮಿದುಳಿನೊಳಗೆ ಇಣುಕಿ ನೋಡಿ ಹೇಳುವವರು ಮಾತ್ರ ಇತ್ತೀಚಿನವರೆಗೆ ಎಲ್ಲಿಯೂ ಇರಲಿಲ್ಲ. ಹಾಗೆ ನೋಡುವ ಉಪಾಯವೊಂದು ಈಗ ಸಿದ್ಧಿಸಿದೆ. ಅದರ ಜೀವಾಳವಿರುವುದು ಕೋಟಿಗಟ್ಟಲೆ ಬೆಲೆಯ ಸ್ಕ್ಯಾನಿಂಗ್ ಯಂತ್ರದಲ್ಲಿ ಎಂದು ನಮ್ಮ ಆಡಳಿತಗಾರರು ತಿಳಿದಂತಿದೆ. ಅದಿರುವುದು ರೋಗಿಯ ರಕ್ತನಾಳಕ್ಕೆ ಚುಚ್ಚುವ ಒಂದು ಅಣುವಿನಲ್ಲಿ ಎಂಬುದನ್ನು ಅವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಗಾಂಜಾದ ಮಾದಕಾಂಶವಾದ ಟಿಎಚ್‌ಸಿಯನ್ನು ಇಸ್ರೇಲಿನಲ್ಲಿ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಎಂಬ ರಸಾಯನಜ್ಞರು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಣಯಿಸಿದ್ದು 1964ರಲ್ಲಿ. ಆ ಅಣು ಮಿದುಳಿನ ಜೀವಕೋಶಗಳ ಮೇಲೆ ಯಾವ ಸ್ಥಾನದಲ್ಲಿ ನೆಲೆಗೊಂಡು ತನ್ನ ಪ್ರಭಾವವನ್ನು ಬೀರುತ್ತದೆಂಬುದು ತಿಳಿಯಲು ಮತ್ತೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು: 1988ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಅಂಥ ಗ್ರಾಹಿಯೊಂದಿರುವುದನ್ನು ತೋರಿಸಿದರು. ಈಗ ಸಿಬಿ1 ಎಂದು ಕರೆಯಲ್ಪಡುವ ಈ ಗ್ರಾಹಿ ಗಾಂಜಾಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ಶರೀರವೇ ತಯಾರಿಸಿಕೊಳ್ಳುವ ದ್ರವ್ಯಗಳಿಗೆ ಅದು ಸ್ಪಂದಿಸುತ್ತದೆ, ಮತ್ತು ನೆನಪು, ಹಸಿವು, ನೋವು, ಭಯ ಇವುಗಳ ನಿಯಂತ್ರಣದಲ್ಲಿ ಭಾಗಿಯಾಗಿದೆ. ಹೊರಗಿನಿಂದ ಬಂದ ಟಿಎಚ್‌ಸಿ ಆ ಸ್ಥಾನವನ್ನು ಆಕ್ರಮಿಸುತ್ತದೆ, ಅಷ್ಟೆ.

ಜೀವಂತ ಮಿದುಳಿನಲ್ಲಿ ಈ ಗ್ರಾಹಿಗಳು ಎಲ್ಲೆಲ್ಲಿ, ಎಷ್ಟೆಷ್ಟಿವೆಯೆಂದು ಕಾಣಬೇಕಾದರೆ, ಅವುಗಳನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಅಣುವೊಂದನ್ನು ರಚಿಸಿ, ಅದರಲ್ಲಿ ವಿಕಿರಣಶೀಲ ಪರಮಾಣುವೊಂದನ್ನು ಕೂಡಿಸಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬಿಡಬೇಕು. ಇದಕ್ಕೆ ಟ್ರೇಸರ್ ಎಂದು ಹೆಸರು. ಆ ಪರಮಾಣು ಹೊರಚೆಲ್ಲುವ ಪಾಸಿಟ್ರಾನ್ ಸಮೀಪದ ಎಲೆಕ್ಟ್ರಾನಿನೊಡನೆ ಸೇರಿ ಲಯವಾಗುವಾಗ ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಧಾವಿಸುತ್ತವೆ. ತಲೆಯ ಸುತ್ತಲಿನ ಪೆಟ್ ಎಂಬ ಸ್ಕ್ಯಾನಿಂಗ್ ಯಂತ್ರವು ಆ ಎರಡನ್ನೂ ಏಕಕಾಲದಲ್ಲಿ ಹಿಡಿದು, ಅವು ಹೊರಟ ಸ್ಥಳವನ್ನು ಗಣಿಸಿ ಚಿತ್ರ ಬರೆಯುತ್ತದೆ. ಯಂತ್ರಕ್ಕೆ ಕಿರಣ ಗೊತ್ತೇ ಹೊರತು ಗ್ರಾಹಿ ಗೊತ್ತಿಲ್ಲ. ಅಣು ತಪ್ಪಿದ ಕಡೆ ಕುಳಿತರೆ ಚಿತ್ರವೂ ತಪ್ಪೇ, ಯಂತ್ರ ಎಷ್ಟೇ ಹೊಸದಾಗಿರಲಿ.

ಸಿಬಿ1ರಂಥ ಕ್ಯಾನಬಿನಾಯ್ಡ್ ಗ್ರಾಹಿಗಳ ವಿಷಯದಲ್ಲಿ ಅಣು ತಪ್ಪಿದ ಕಡೆ ಕೂರುವ ಸಂಭವ ವಿಶೇಷವಾಗಿ ಹೆಚ್ಚು. ಗ್ರಾಹಿಯ ಗೂಡು ಜೀವಕೋಶದ ಕೊಬ್ಬಿನ ಪೊರೆಯೊಳಗೆ ಹುದುಗಿರುವುದರಿಂದ, ಅಲ್ಲಿಗೆ ಒಗ್ಗುವ ಅಣುಗಳೆಲ್ಲ ಸ್ವಭಾವತಃ ಕೊಬ್ಬನ್ನು ಪ್ರೀತಿಸುವಂಥವು. ಮಿದುಳಾದರೋ, ನೀರನ್ನು ಬಿಟ್ಟು ತೂಗಿದರೆ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಆದಕಾರಣ ಬಿಳಿಯ ಬಟ್ಟೆಗೆ ತಾಗಿದ ಅರಿಸಿನದಂತೆ ಟ್ರೇಸರು ಕಂಡಕಂಡಲ್ಲೆಲ್ಲ ಹತ್ತಿಕೊಂಡು, ಗ್ರಾಹಿ ಯಾವುದು, ಬರಿಯ ಕೊಬ್ಬು ಯಾವುದು ಎಂಬ ವಿವೇಕವೇ ಉಳಿಯುವುದಿಲ್ಲ. 1991ರಲ್ಲಿ ಟಿಎಚ್‌ಸಿಯ ಸೋದರ ಅಣುವೊಂದಕ್ಕೇ ಫ್ಲೋರಿನ್-18 ಕೂಡಿಸಿ ಬಬೂನ್ ಕೋತಿಗೆ ಕೊಟ್ಟು ನೋಡಿದ ಪ್ರಥಮ ಪ್ರಯತ್ನ ಇಂಥ ಕಾರಣಗಳಿಂದಲೇ ಕೈಗೂಡಲಿಲ್ಲ. ಕೊಬ್ಬಿನೊಲವನ್ನು ತಗ್ಗಿಸಿದರೆ ಅಣು ಗ್ರಾಹಿಯನ್ನು ಬಿಟ್ಟುಕೊಡುತ್ತದೆ, ಏರಿಸಿದರೆ ಎಲ್ಲೆಡೆ ಅಂಟುತ್ತದೆ. ಈ ಇಕ್ಕಟ್ಟಿನಲ್ಲಿ ರಸಾಯನಜ್ಞರು ಸುಮಾರು ಹದಿನೈದು ವರ್ಷ ತೊಳಲಿದ ಮೇಲೆ, 2006-07ರ ಸುಮಾರಿಗೆ ಮನುಷ್ಯರಲ್ಲಿ ಬಳಸಲು ಯೋಗ್ಯವಾದ ಓಮಾರ್, ಎಂಕೆ-9470 ಮೊದಲಾದ ಟ್ರೇಸರುಗಳು ಬೆಳಕಿಗೆ ಬಂದವು.

ಅವರ ಕುಶಲತೆಗೆ ಒಂದು ನಿದರ್ಶನ ಕೊಡದೆ ಮುಂದುವರಿಯಲು ಮನಸ್ಸು ಬಾರದು. ಫ್ಲೋರಿನ್-18 ಕೂಡಿಸಿದ ಅಣುವೊಂದು ದೇಹದಲ್ಲಿ ಒಡೆದಾಗ, ಬಿಡುಗಡೆಯಾದ ಫ್ಲೋರಿನ್ ಮೂಳೆಯನ್ನು ಸೇರುತ್ತಿತ್ತು. ತಲೆಬುರುಡೆಯೇ ಪ್ರಜ್ವಲಿಸತೊಡಗಿದರೆ ಅದಕ್ಕೆ ಒತ್ತಿಕೊಂಡಿರುವ ಮಿದುಳಿನ ಹೊರಪದರವನ್ನು ಅಳೆಯುವುದು ಹೇಗೆ? ಫ್ಲೋರಿನ್ ಪಕ್ಕದಲ್ಲಿದ್ದ ಎರಡು ಜಲಜನಕ ಪರಮಾಣುಗಳನ್ನು ತೆಗೆದು, ಆ ಸ್ಥಾನದಲ್ಲಿ ಭಾರಜಲಜನಕವಾದ ಡ್ಯೂಟೀರಿಯಮನ್ನು ಇಟ್ಟರು. ರಾಸಾಯನಿಕ ಗುಣ ಬಹುಮಟ್ಟಿಗೆ ಅದೇ. ಬಂಧ ಮಾತ್ರ ತುಸು ಗಟ್ಟಿ. ಅಣು ನಿಧಾನವಾಗಿ ಒಡೆಯಿತು, ಮೂಳೆಯ ಹೊಳಪು ತಗ್ಗಿತು. ಕಣ್ಣಿಗೆ ಕಾಣದ ಎರಡು ಪರಮಾಣುಗಳ ಈ ಅದಲುಬದಲಿಗೆ ಯಾವ ಉದ್ಘಾಟನಾ ಸಮಾರಂಭವೂ ಜರುಗಲಿಲ್ಲವೆಂಬುದು ನಿಶ್ಚಯ.

ಇದೇ ಟ್ರೇಸರನ್ನು ಬಳಸಿ ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ನಿತ್ಯವೂ ಗಾಂಜಾ ಸೇದುವವರ ಮಿದುಳಿನ ಹೊರಪದರದಲ್ಲಿ ಸಿಬಿ1 ಗ್ರಾಹಿಗಳು ಸುಮಾರು ಶೇ. 20ರಷ್ಟು ಕಡಿಮೆಯಾಗಿದ್ದುದನ್ನೂ, ಸುಮಾರು ನಾಲ್ಕು ವಾರ ಬಿಟ್ಟಿದ್ದ ಮೇಲೆ ಬಹುತೇಕ ಭಾಗಗಳಲ್ಲಿ ಅವು ಮತ್ತೆ ಚೇತರಿಸಿಕೊಂಡುದನ್ನೂ ತೋರಿಸಿತು. ಕೇಡಿಲ್ಲವೆನ್ನುವವರಿಗೂ ಹುಚ್ಚೇ ಗತಿಯೆನ್ನುವವರಿಗೂ ಇದು ಅನುಕೂಲವಾದ ಫಲಿತಾಂಶವಲ್ಲ. ಆದರೆ ಇಂಥ ಚಿತ್ರಗಳನ್ನು ಶಾಸನವಾಕ್ಯವೆಂದು ಭಾವಿಸುವುದೂ ತರವಲ್ಲ. ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಎಂಕೆ-9470 ಬಳಸಿದವರು ಈ ಗ್ರಾಹಿ ಹೆಚ್ಚಾಗಿದೆಯೆಂದರು, ಬೇರೊಂದು ಟ್ರೇಸರ್ ಬಳಸಿದವರು ಕಡಿಮೆಯಾಗಿದೆಯೆಂದರು. ಓಮಾರನ್ನೇ ಬಳಸಿದ ಎರಡು ತಂಡಗಳಲ್ಲಿಯೂ ಒಮ್ಮತವಾಗಲಿಲ್ಲ. ಬಣ್ಣದ ಮಿದುಳಿನ ಚಿತ್ರವೊಂದನ್ನು ಅಚ್ಚುಹಾಕುವ ಪತ್ರಿಕೆಗಳು, ಅದನ್ನು ಬರೆದ ಅಣು ಯಾವುದೆಂದು ಕೇಳುವ ಅಭ್ಯಾಸವನ್ನು ಇನ್ನಾದರೂ ಮಾಡಿಕೊಳ್ಳತಕ್ಕದ್ದು.

ಈಗ ನಮ್ಮ ದೇಶದ ಮಾತು. ಓಮಾರ್‌ನಂಥ ಟ್ರೇಸರುಗಳಲ್ಲಿರುವ ಕಾರ್ಬನ್-11ರ ಅರ್ಧಾಯುಷ್ಯ ಇಪ್ಪತ್ತು ನಿಮಿಷ. ಕಣಗಳ ವೇಗವನ್ನು ಹೆಚ್ಚಿಸುವ ಸೈಕ್ಲೋಟ್ರಾನಿನಲ್ಲಿ ಸಾರಜನಕದ ಮೇಲೆ ಪ್ರೋಟಾನುಗಳನ್ನು ಹಾಯಿಸಿ ಅದನ್ನು ಪಡೆದು, ಸೀಸದ ಗೋಡೆಗಳ ಮರೆಯಲ್ಲಿ ಮೀಥೈಲ್ ಅಯೊಡೈಡ್ ಆಗಿ ಪರಿವರ್ತಿಸಿ, ಸಿದ್ಧವಾಗಿಟ್ಟ ಮೂಲದ್ರವ್ಯದೊಡನೆ ಬೆರೆಸಿ, ಶೋಧಿಸಿ, ಶುದ್ಧಿಯನ್ನು ಪರೀಕ್ಷಿಸಿ ಸಿರಿಂಜಿಗೆ ತುಂಬುವಷ್ಟರಲ್ಲಿ ನಲವತ್ತು ನಿಮಿಷ ಕಳೆದರೆ ಉಳಿಯುವುದು ನಾಲ್ಕರಲ್ಲೊಂದು ಪಾಲು. ಇದನ್ನು ಯಾವ ದೇಶದಿಂದಲೂ ಆಮದು ಮಾಡಿಕೊಳ್ಳಲಾಗದು. ಊರಾಚೆಯ ಕಾರ್ಖಾನೆಯಿಂದ ತರಿಸುವುದೂ ಕಷ್ಟವೇ. ಸ್ಕ್ಯಾನರು ಇರುವ ಆವರಣದಲ್ಲಿಯೇ ಸೈಕ್ಲೋಟ್ರಾನು ಇರಬೇಕು, ಅದರ ಪಕ್ಕದಲ್ಲಿ ನುರಿತ ವಿಕಿರಣ ರಸಾಯನಜ್ಞರಿರಬೇಕು. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನು ಮುಂಬಯಿಯ ಪರೇಲ್‌ನಲ್ಲಿ ಕೆಲಸ ಆರಂಭಿಸಿದ್ದು 2002ರಲ್ಲಿ. ಆಮೇಲೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಿಗೆ ಅವು ಬಂದಿವೆ. ಅವುಗಳ ನಿತ್ಯಕರ್ಮವಾದರೋ ಬಹುಪಾಲು ಒಂದೇ: ಅರ್ಬುದವನ್ನು ಹುಡುಕುವ, ಸುಮಾರು ನೂರಹತ್ತು ನಿಮಿಷದ ಅರ್ಧಾಯುಷ್ಯವುಳ್ಳ ಫ್ಲೋರಿನ್ ಬೆರೆತ ಸಕ್ಕರೆಯ ತಯಾರಿಕೆ. ಅದು ಜೀವ ಉಳಿಸುವ ಕೆಲಸ, ನಡೆಯಲೇಬೇಕು. ಅಷ್ಟಕ್ಕೇ ತೃಪ್ತರಾಗಿ ಕೂರುವುದಕ್ಕೆ ಮಾತ್ರ ನನ್ನ ಆಕ್ಷೇಪಣೆ.

ಏಕೆಂದರೆ ಗಾಂಜಾದ ಪ್ರಶ್ನೆಯನ್ನು ಮಾರುಕಟ್ಟೆ ನಮ್ಮ ಪರವಾಗಿ ಕೇಳುವುದಿಲ್ಲ. ಎಂಕೆ-9470 ಹುಟ್ಟಿದ್ದು ಬೊಜ್ಜು ಕರಗಿಸುವ ಔಷಧದ ಹುಡುಕಾಟದ ಜೊತೆಯಲ್ಲಿ. ಅದೇ ಗ್ರಾಹಿಯನ್ನು ತಡೆಯುತ್ತಿದ್ದ ರಿಮೊನಬಾಂಟ್ ಎಂಬ ಔಷಧವು 2006ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದು, ಸೇವಿಸಿದವರಲ್ಲಿ ಕೆಲವರಿಗೆ ಖಿನ್ನತೆ ತರುತ್ತದೆಂಬ ಕಾರಣದಿಂದ 2008ರಲ್ಲಿ ಸ್ಥಗಿತಗೊಂಡ ಮೇಲೆ ಆ ವ್ಯಾಪಾರದ ಉತ್ಸಾಹವೂ ಇಳಿಯಿತು. ನಮ್ಮ ಸ್ಥಿತಿಯೋ ಬೇರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ ಗಾಂಜಾ ಗಿಡದ ಯಾವುದಾದರೂ ಉತ್ಪನ್ನವನ್ನು ಸೇವಿಸಿದ ಭಾರತೀಯರು ಸುಮಾರು 3.1 ಕೋಟಿ, ಅವರಲ್ಲಿ ಹೆಚ್ಚಿನವರು ಭಂಗಿ ಸೇವಿಸಿದವರು. 1985ರ ಕಾಯಿದೆಯು ಹೂತುದಿಯಾದ ಗಾಂಜಾವನ್ನೂ ಅಂಟಾದ ಚರಸನ್ನೂ ನಿಷೇಧಿಸಿ, ಎಲೆಯ ಭಂಗಿಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾಯಿದೆ ಎಳೆದ ಈ ಗೆರೆಯನ್ನು ಮಿದುಳು ಮಾನ್ಯಮಾಡುತ್ತದೆಯೆ, ಅರೆದು ಕುಡಿದವನಲ್ಲಿಯೂ ಸೇದಿದವನಲ್ಲಿಯೂ ಗ್ರಾಹಿಗಳು ಒಂದೇ ತೆರನಾಗಿ ತಗ್ಗುತ್ತವೆಯೆ ಎಂಬ ಪ್ರಶ್ನೆ ಭಾರತದ್ದು. ಅಮೆರಿಕದ ಸಂಶೋಧಕರು ಅದನ್ನು ಕೈಗೆತ್ತಿಕೊಳ್ಳಲೆಂದು ಕಾಯುವುದು ಸಲ್ಲ.

ವ್ಯಸನ ಚಿಕಿತ್ಸೆಗೆಂದೇ ಕೇಂದ್ರವನ್ನು ಹೊಂದಿರುವ ನಿಮ್ಹಾನ್ಸ್‌ನಂಥ ಸಂಸ್ಥೆ ಈ ಅಧ್ಯಯನಕ್ಕೆ ಸಹಜವಾದ ನೆಲೆ. ಇನ್ನು ಮುಂದೆ ಸರ್ಕಾರದ ಹಣದಿಂದ ಪೆಟ್ ಯಂತ್ರವೊಂದಕ್ಕೆ ಟೆಂಡರು ಕರೆಯುವಾಗ, ಅದೇ ಕಡತದಲ್ಲಿ ವಿಕಿರಣ ರಸಾಯನಜ್ಞರ ಹುದ್ದೆಗಳಿಗೂ, ಸೀಸದ ಕವಚದ ಪ್ರಯೋಗಕೋಣೆಗೂ, ಕಡೆಯ ಪಕ್ಷ ಹತ್ತು ವರ್ಷ ಫಲವನ್ನು ಅವಸರಿಸದ ಸಂಶೋಧನಾ ವೆಚ್ಚಕ್ಕೂ ಮಂಜೂರಾತಿ ಇರತಕ್ಕದ್ದು; ಇಲ್ಲವಾದರೆ ಆ ಕಡತಕ್ಕೆ ರುಜು ಹಾಕದೆ ಹಿಂದಿರುಗಿಸುವುದೇ ಆರ್ಥಿಕ ಇಲಾಖೆಗೆ ಯುಕ್ತ.