ರೋಗ ಬರುವ ಮುನ್ನ

ಮಾರಿಕಣಿವೆಯ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ತುಂಬದ ಆ ವರ್ಷಗಳಲ್ಲೂ ಹಿರಿಯೂರು ಸೀಮೆ ಅದನ್ನೇ ನಂಬಿ ಬದುಕಿತು. ನೀರಿನ ವಿಷಯದಲ್ಲಿರುವ ಈ ಮುಂದಾಲೋಚನೆ ರೋಗದ ವಿಷಯದಲ್ಲಿ ನಮಗಿಲ್ಲ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ನರಳಿದರು, ಕೆಲವರು ತೀರಿಕೊಂಡರು. ವೈದ್ಯರು ಹಾಸಿಗೆಯಲ್ಲಿರುವ ರೋಗಿಯನ್ನು ನೋಡುತ್ತಾರೆ. ಸಾಂಕ್ರಾಮಿಕ ರೋಗತಜ್ಞರು ಬೀದಿಯನ್ನು ನೋಡುತ್ತಾರೆ: ಮೊದಲು ಯಾವ ಮನೆ, ಯಾವ ನಲ್ಲಿ, ಯಾವ ದಿನ? ಜಿಲ್ಲೆಯ ರೋಗ ಸರ್ವೇಕ್ಷಣಾ ಘಟಕಕ್ಕೆ ಆರೋಗ್ಯ ಕೇಂದ್ರಗಳಿಂದ ಬರುವ ಜ್ವರ, ಭೇದಿಗಳ ಲೆಕ್ಕದಲ್ಲಿ ಒಂದು ಊರಿನ ಅಂಕಿ ಏರಿದರೆ, ಅದನ್ನು ಗುರುತಿಸಿ ಹೊರಡಬೇಕಾದವರು ಇವರೇ. ಇವರು ಗೆದ್ದ ದಿನ ಏನೂ ನಡೆಯುವುದಿಲ್ಲ. ಆದ್ದರಿಂದ ಸನ್ಮಾನವೂ ಇಲ್ಲ.

ಈ ಕೆಲಸ ನಮಗೆ ಅಪರಿಚಿತವಾಗಬಾರದಿತ್ತು. ಪ್ರವಾದಿ ಯೂಸುಫ್(ಅ)ರು ಬರಗಾಲದ ಕನಸಿನ ಅರ್ಥವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಸುಭಿಕ್ಷದ ಏಳು ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿಡುವ ವಿಧಾನವನ್ನೂ ಕಲಿಸಿದರು. ಸಿರಿಯಾದತ್ತ ಹೊರಟಿದ್ದ ಹಝ್ರತ್ ಉಮರ್(ರ), ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ತಿಳಿದಾಗ ಮುಹಾಜಿರರು, ಅನ್ಸಾರರು, ಕುರೈಶ್ ಹಿರಿಯರು ಎಲ್ಲರೊಡನೆ ಸಮಾಲೋಚಿಸಿ ಜನರೊಂದಿಗೆ ಹಿಂದಿರುಗಿದರು. ಇದು ದೇವವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ದೇವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆಂಬುದು ಅವರ ಉತ್ತರದ ಭಾವವಾಗಿತ್ತು.

ಕೋವಿಡ್ ಕಾಲದಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರಿಗೆ ನಮ್ಮ ಕೆಲವು ಮೊಹಲ್ಲಾಗಳಲ್ಲಿ ಬಾಗಿಲು ತೆರೆಯಲಿಲ್ಲ. ರೋಗದ ಹೊಣೆಯನ್ನೇ ಸಮುದಾಯದ ಮೇಲೆ ಹೊರಿಸಿದ ದಿನಗಳವು; ಭಯ ಸಹಜವಾಗಿತ್ತು, ಒಪ್ಪುತ್ತೇನೆ. ಆದರೆ ಮುಚ್ಚಿದ ಬಾಗಿಲಿನ ನಷ್ಟ ಒಳಗಿದ್ದ ವೃದ್ಧರದ್ದು. ಆ ಪಟ್ಟಿಯನ್ನು ರೂಪಿಸಿದವಳು, ಅದರ ಉದ್ದೇಶವನ್ನು ಮಸ್ಜಿದ್ ಕಮಿಟಿಗೆ ವಿವರಿಸಬಲ್ಲವಳು, ನಮ್ಮದೇ ಬೀದಿಯ ಮಗಳಾಗಿದ್ದರೆ?

ಮಕ್ಕಳು ಜೀವಶಾಸ್ತ್ರ ಓದಿದರೆ ನಮಗೆ ಎಂಬಿಬಿಎಸ್ ಒಂದೇ ಕಾಣುತ್ತದೆ. ನೀಟ್‌ನಲ್ಲಿ ಅಂಕ ಬಾರದಿದ್ದರೆ ಮನೆಯಲ್ಲಿ ಮಾತೇ ನಿಂತುಹೋಗುತ್ತದೆ. ದಂತವೈದ್ಯಕೀಯ, ನರ್ಸಿಂಗ್, ಸಂಖ್ಯಾಶಾಸ್ತ್ರ ಓದಿದವರಿಗೂ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ವ್ಯಾಸಂಗದ ದಾರಿಗಳಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಸಂಶೋಧನೆಯೊಂದಿಗೆ ಈ ವಿದ್ಯೆಯ ತರಬೇತಿಯನ್ನೂ ನೀಡುತ್ತದೆ. ಫರ್ಝ್ ಕಿಫಾಯವೆಂದರೆ ಜನಾಝಾ ನಮಾಝ್ ಮಾತ್ರವೆಂದು ತಿಳಿದಿರುವ ಹಿರಿಯರು, ಈ ಬಾರಿ ಪಿಯುಸಿ ಫಲಿತಾಂಶದ ಬಳಿಕ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ ಇದನ್ನೂ ನೆನಪಿಟ್ಟುಕೊಳ್ಳಲಿ.