ಎಂಜಿನ್ ಹಿಗ್ಗಿಸುವ ಹಂಬಲ: ಕಾಗದದಲ್ಲಿ ಕಟ್ಟುನಿಟ್ಟು, ರಸ್ತೆಯಲ್ಲಿ ಕುರುಡು

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿಯ ಹೊಸ ದರಗಳು ಮೋಟಾರ್‌ಸೈಕಲ್ ಮಾರುಕಟ್ಟೆಯ ನಡುವೆ ದಪ್ಪ ಗೆರೆಯೊಂದನ್ನು ಎಳೆದವು. 350 ಸಿಸಿವರೆಗಿನ ಬೈಕುಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ಮಿತಿ ದಾಟಿದ ಬೈಕುಗಳ ಮೇಲೆ ಸೆಸ್ ಸೇರಿ ಶೇ 31ರಷ್ಟಿದ್ದ ಹೊರೆ ಶೇ 40ಕ್ಕೆ ಏರಿತು. ದೂರ ಪ್ರವಾಸಕ್ಕೆಂದು ದೊಡ್ಡ ಬೈಕಿನ ಕನಸು ಕಂಡವರಿಗೆ ಇದು ಕಹಿ ಸುದ್ದಿ. ಹೊಸದನ್ನು ಕೊಳ್ಳುವ ಬದಲು ಇರುವ ಬೈಕಿನ ಎಂಜಿನ್ನನ್ನೇ ದೊಡ್ಡದು ಮಾಡಿಸಿದರೆ ಹೇಗೆ ಎಂಬ ಹಳೆಯ ಪ್ರಶ್ನೆಗೆ ಹೀಗೆ ಹೊಸ ಕಾರಣವೊಂದು ಹುಟ್ಟಿಕೊಂಡಿದೆ.

ಈ ಕೆಲಸಕ್ಕೆ ಬೈಕ್ ಸವಾರರ ವಲಯದಲ್ಲಿ 'ಬಿಗ್ ಬೋರ್' ಎಂದು ಹೆಸರು. ಸವೆದ ಸಿಲಿಂಡರನ್ನು ಲೇತ್‌ನಲ್ಲಿ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ದುರಸ್ತಿ. ಬಿಗ್ ಬೋರ್ ದುರಸ್ತಿಯಲ್ಲ. ಅದು ಸಿಲಿಂಡರ್ ಮತ್ತು ಪಿಸ್ಟನ್ನುಗಳನ್ನು ಹಲವು ಮಿಲಿಮೀಟರ್ ದೊಡ್ಡದಾಗಿಸಿ, ಎಂಜಿನ್ನಿನ ಸಾಮರ್ಥ್ಯವನ್ನೇ ಬದಲಾಯಿಸುವ ಮಾರ್ಪಾಡು.

ಲೆಕ್ಕ ಸರಳ, ಫಲ ಸರಳವಲ್ಲ

ಸಿಲಿಂಡರಿನ ವ್ಯಾಸ ತುಸು ಹೆಚ್ಚಿದರೂ ಸಾಮರ್ಥ್ಯ ಬಹಳಷ್ಟು ಹೆಚ್ಚುತ್ತದೆ, ಏಕೆಂದರೆ ಅದು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದಕ್ಕೆ ರಾಯಲ್ ಎನ್‌ಫೀಲ್ಡ್‌ನ ಹಳೆಯ ಎಂಜಿನ್ನುಗಳೇ ಪಾಠ. 90 ಮಿ.ಮೀ. ಸ್ಟ್ರೋಕ್ ಹಾಗೆಯೇ ಇದ್ದು, ಬೋರ್ 70 ಮಿ.ಮೀ. ಇದ್ದಾಗ ಅದು 346 ಸಿಸಿ, 84 ಮಿ.ಮೀ. ಆದಾಗ 499 ಸಿಸಿ. ವ್ಯಾಸದಲ್ಲಿ ಶೇ 20ರಷ್ಟು ಹೆಚ್ಚಳ, ಸಾಮರ್ಥ್ಯದಲ್ಲಿ ಶೇ 44ರಷ್ಟು ಏರಿಕೆ. 2013ರಲ್ಲಿ ಬಂದ ಕಾಂಟಿನೆಂಟಲ್ ಜಿಟಿಯಲ್ಲಿ ಬೋರ್ 87 ಮಿ.ಮೀ.ಗೆ ಏರಿ ಎಂಜಿನ್ 535 ಸಿಸಿ ಆಯಿತು. ಅಂದರೆ ಕಂಪನಿಗಳೇ ಈ ದಾರಿ ತುಳಿದಿವೆ.

ಪ್ರವಾಸಿ ಸವಾರನಿಗೆ ಈ ಹೆಚ್ಚುವರಿ ಬಲ ಬರೀ ಶೋಕಿಯಲ್ಲ. ಹಿಂದೆ ಜೊತೆಗಾರ, ಎರಡೂ ಬದಿ ಸಾಮಾನಿನ ಚೀಲ ಹೊತ್ತು ಚಾರ್ಮಾಡಿ ಘಾಟಿ ಏರುವಾಗ ಎಂಜಿನ್ ಏದುಸಿರು ಬಿಡುವುದನ್ನು ಬಲ್ಲವರೇ ಬಲ್ಲರು. ಹಿಮಾಲಯದಲ್ಲಿ ಸಮಸ್ಯೆ ಇನ್ನೂ ದೊಡ್ಡದು. ಗಾಳಿ ತೆಳುವಾದಂತೆ, ಪ್ರತಿ ನೂರು ಮೀಟರ್ ಎತ್ತರಕ್ಕೆ ಎಂಜಿನ್ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 3,500 ಮೀಟರ್ ಎತ್ತರದ ಲೇಹ್ ತಲುಪುವಷ್ಟರಲ್ಲಿ ಮೂರನೇ ಒಂದು ಭಾಗ ಶಕ್ತಿ ಮಾಯವಾಗಿರುತ್ತದೆ.

ಆದರೆ ಸಿಸಿ ಹೆಚ್ಚಿದ ಮಾತ್ರಕ್ಕೆ ಅಶ್ವಶಕ್ತಿ ಹೆಚ್ಚುತ್ತದೆಂಬುದು ಅರ್ಧಸತ್ಯ. 2016ರಲ್ಲಿ ಬಂದ ಹಿಮಾಲಯನ್ ಬೈಕಿನ ಎಂಜಿನ್ 78 ಮಿ.ಮೀ. ಬೋರ್‌ನ 411 ಸಿಸಿಯದು. ಶಕ್ತಿ ಸುಮಾರು 24 ಅಶ್ವಶಕ್ತಿ. 2025ರ ಜನವರಿಯಲ್ಲಿ ಅದೇ ವಂಶದ ಸ್ಕ್ರ್ಯಾಮ್ 440 ಬಂದಾಗ ಕಂಪನಿ ಬೋರನ್ನು 81 ಮಿ.ಮೀ.ಗೆ ಹಿಗ್ಗಿಸಿ 443 ಸಿಸಿ ಮಾಡಿತು. ದೊರೆತ ಹೆಚ್ಚಳ ಸರಿಸುಮಾರು ಒಂದೇ ಅಶ್ವಶಕ್ತಿ, ಜೊತೆಗೆ ಎಳೆತದ ಬಲದಲ್ಲಿ ಸ್ವಲ್ಪ ಏರಿಕೆ. ಅದಕ್ಕೂ ಮೊದಲೇ, 2023ರ ನವೆಂಬರ್‌ನಲ್ಲಿ ಬಂದ ಹೊಸ ಹಿಮಾಲಯನ್ 452 ಸಿಸಿಯಲ್ಲೇ ಸುಮಾರು 40 ಅಶ್ವಶಕ್ತಿ ನೀಡಿತ್ತು. ಸಾಮರ್ಥ್ಯದಲ್ಲಿ ಒಂಬತ್ತು ಸಿಸಿ ವ್ಯತ್ಯಾಸ, ಶಕ್ತಿಯಲ್ಲಿ ಹದಿನೈದರಷ್ಟು! ಈ ಅಂತರಕ್ಕೆ ಕಾರಣ ಬೋರ್ ಅಲ್ಲ. ದ್ರವದಿಂದ ತಂಪಾಗುವ ವ್ಯವಸ್ಥೆ, ನಾಲ್ಕು ವಾಲ್ವ್‌ಗಳ ಹೊಸ ಸಿಲಿಂಡರ್ ಹೆಡ್ ಮತ್ತು ಹೆಚ್ಚು ವೇಗದಲ್ಲಿ ತಿರುಗಬಲ್ಲ ವಿನ್ಯಾಸ. ಗಾಳಿಯಿಂದ ತಂಪಾಗುವ ಹಳೆಯ ಎಂಜಿನ್ನನ್ನು ಬರೀ ಕೊರೆದು ಹೊಸದರ ಸಾಟಿಗೆ ತರಲಾಗದು.

ಕೊರೆತದ ಹಿಂದೆ ಬರುವ ಖರ್ಚು

ಬೋರ್ ಹಿಗ್ಗಿದರೆ ಉಳಿದೆಲ್ಲವೂ ಸರಪಳಿಯಂತೆ ಬದಲಾಗಬೇಕು. ಹಳೆಯ ಹಿಮಾಲಯನ್‌ನ ಕಂಪ್ರೆಷನ್ ಅನುಪಾತ 9.5. ದಹನ ಕೋಣೆಯನ್ನು ಮುಟ್ಟದೆ ಅದನ್ನು 443 ಸಿಸಿಗೆ ಏರಿಸಿದರೆ ಅನುಪಾತ ಹತ್ತನ್ನು ದಾಟುತ್ತದೆ. ಶಾಖ ಹೆಚ್ಚುತ್ತದೆ, ಇಳಿಜಾರಿಲ್ಲದ ಏರುದಾರಿಯಲ್ಲಿ ಎಂಜಿನ್ 'ನಾಕಿಂಗ್' ಮಾಡುವ ಅಪಾಯವೂ ಹೆಚ್ಚುತ್ತದೆ. ಸಿಲಿಂಡರಿನ ಗೋಡೆ ತೆಳುವಾಗುತ್ತದೆ. ಪಿಸ್ಟನ್ ಭಾರವಾದರೆ ಕ್ರ್ಯಾಂಕಿನ ಸಮತೋಲನ ಕೆಡುತ್ತದೆ. ಕ್ಲಚ್ಚಿಗೆ, ಗೇರುಗಳಿಗೆ, ಆಯಿಲ್ ಕೂಲರಿಗೆ ಹೊಸ ಹೊರೆ ಬೀಳುತ್ತದೆ.

ಕಾರ್ಬುರೇಟರ್ ಕಾಲದಲ್ಲಿ ಜೆಟ್ ಬದಲಿಸಿದರೆ ಸಾಕಿತ್ತು. ಈಗ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಕಂಪ್ಯೂಟರ್. ಮೂಲ ಎಂಜಿನ್ನಿಗೆಂದು ಬರೆದ ಅದರ ಲೆಕ್ಕವನ್ನು ತಿದ್ದದಿದ್ದರೆ ಹೆಚ್ಚು ಗಾಳಿಗೆ ಕಡಿಮೆ ಇಂಧನ ಸೇರಿ ಪಿಸ್ಟನ್ ಸುಡುತ್ತದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ದೇಶದೆಲ್ಲೆಡೆ ಬಂದಿರುವ ಈ ಹೊತ್ತಿನಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ, ಏಕೆಂದರೆ ಅಷ್ಟೇ ಗಾಳಿಗೆ ಅಂಥ ಇಂಧನ ಹೆಚ್ಚು ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್ ಖರೀದಿಸುವಷ್ಟು ಸುಲಭವಾಗಿ ಈ ಪರಿಣತಿ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸಬಾರದು. ಎಂಜಿನ್ನಿನ ಸಿಸಿ ಆ ವಿವರಗಳಲ್ಲೊಂದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ.

ವಿಪರ್ಯಾಸವೆಂದರೆ, ಇಷ್ಟು ಕಠಿಣ ಕಾನೂನಿಗೆ ಕಣ್ಣೇ ಇಲ್ಲ. ಅಬ್ಬರಿಸುವ ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ. ಸಿಲಿಂಡರಿನೊಳಗಿನ ಮೂರು ಮಿಲಿಮೀಟರ್ ಯಾರಿಗೂ ಕಾಣದು. ಮಾಲಿನ್ಯ ತಪಾಸಣೆಯಲ್ಲಿ ಪೆಟ್ರೋಲ್ ಬೈಕಿನ ಎಂಜಿನ್ ನಿಂತಲ್ಲೇ ತಿರುಗುವಾಗಿನ ಹೊಗೆಯನ್ನಷ್ಟೇ ಅಳೆಯುತ್ತಾರೆ. ಹೀಗಾಗಿ ಅಪಘಾತವಾಗಿ ವಿಮೆ ಸಮೀಕ್ಷಕರು ಬರುವವರೆಗೂ ಎಲ್ಲವೂ ಸುಸೂತ್ರ. ಆಗ ಮುಚ್ಚಿಟ್ಟ ಮಾರ್ಪಾಡು ಹೊರಬಿದ್ದರೆ ಪರಿಹಾರ ನಿರಾಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮಾ ಕಂತು 150 ಸಿಸಿ ದಾಟಿ 350 ಸಿಸಿವರೆಗೆ 1,366 ರೂಪಾಯಿ, ಅದನ್ನು ದಾಟಿದರೆ 2,804 ರೂಪಾಯಿ. 350ರ ಬೈಕನ್ನು ಗುಟ್ಟಾಗಿ ಹಿಗ್ಗಿಸಿದವನು ಕಡಿಮೆ ಕಂತು ಕಟ್ಟಿ ಹೆಚ್ಚಿನ ಅಪಾಯವನ್ನು ರಸ್ತೆಗೆ ತಂದಂತಾಗುತ್ತದೆ. ಅದರ ಬೆಲೆ ತೆರಬೇಕಾದವರು ಅವನೊಬ್ಬನೇ ಅಲ್ಲ, ಎದುರಿನಿಂದ ಬರುವ ಅಮಾಯಕನೂ ಹೌದು.

ನಡುದಾರಿ ಇಲ್ಲವೇ?

ಇದೆ, ಮತ್ತು ಅದರ ಬೀಜ ಈ ಕಾಯ್ದೆಯಲ್ಲೇ ಇದೆ. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಯಿಸಲು ಅನುಮೋದಿತ ಕಿಟ್ ಅಳವಡಿಸುವುದಕ್ಕೆ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಕಿಟ್ ಪರೀಕ್ಷೆಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಿವೆ. ಜರ್ಮನಿಯಲ್ಲಿ ಮಾರ್ಪಡಿಸಿದ ವಾಹನವನ್ನು ಪರಿಣತರು ಪರೀಕ್ಷಿಸಿ, ಒಪ್ಪಿಗೆಯಾದರೆ ಬದಲಾವಣೆಯನ್ನು ವಾಹನದ ದಾಖಲೆಯಲ್ಲಿ ನಮೂದಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹೊಗೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗಗಳಿಗೆ ಪರೀಕ್ಷೆಯ ಬಳಿಕ ವಿನಾಯಿತಿ ಆದೇಶ ನೀಡುತ್ತದೆ. ಅಲ್ಲಿ ನಿಯಮ ಸಡಿಲವೇನಲ್ಲ, ಆದರೆ ಬಾಗಿಲಿಗೆ ಬೀಗವೂ ಇಲ್ಲ.

ಬ್ರೇಕು, ಚಾಸಿ, ಹೊಗೆ, ಶಬ್ದ ಎಲ್ಲವನ್ನೂ ಸೇರಿಸಿ ಪರೀಕ್ಷಿಸಿದ ಕಿಟ್‌ಗಳನ್ನು ನೋಂದಾಯಿತ ಗ್ಯಾರೇಜುಗಳಲ್ಲಿ ಮಾತ್ರ ಅಳವಡಿಸುವಂತೆ ನಮ್ಮಲ್ಲೂ ಮಾಡಬಹುದು. ಆರ್‌ಸಿಯಲ್ಲಿ ಹೊಸ ಸಿಸಿ ನಮೂದಾಗಲಿ. ತೆರಿಗೆ ಮತ್ತು ವಿಮಾ ಕಂತಿನ ವ್ಯತ್ಯಾಸವನ್ನು ಮಾಲೀಕನೇ ಭರಿಸಲಿ. ಆಗ ತೆರಿಗೆ ತಪ್ಪಿಸುವ ಒಳದಾರಿಯೂ ಮುಚ್ಚುತ್ತದೆ, ಕೈಕೆಲಸ ಬಲ್ಲ ಮೆಕ್ಯಾನಿಕ್‌ಗಳ ಪರಿಣತಿಗೂ ಮಾನ್ಯತೆ ಸಿಗುತ್ತದೆ.

ಅಲ್ಲಿಯವರೆಗೆ ಸವಾರರು ಒಂದು ಮಾತು ನೆನಪಿಡುವುದು ಒಳಿತು. ಟೈರು, ಬ್ರೇಕು, ಸಸ್ಪೆನ್ಷನ್ ಸುಸ್ಥಿತಿಯಲ್ಲಿಟ್ಟು, ಸಾಮಾನು ಕಡಿಮೆ ಮಾಡಿ ಹೊರಟರೆ ಹಳೆಯ 411 ಕೂಡ ಲಡಾಖ್ ಮುಟ್ಟಿ ಬರುತ್ತದೆ. ಸರ್ಕಾರ ಅರಿಯಬೇಕಾದುದು ಬೇರೆ: ಪಾಲನೆಯಾಗುತ್ತಿದೆಯೇ ಎಂದು ನೋಡಲೂ ಆಗದ ನಿಷೇಧದಿಂದ ರಸ್ತೆ ಸುರಕ್ಷಿತವಾಗುವುದಿಲ್ಲ.