ಅಕ್ಷರ ಅಳಿಸಲೆ ಮನೆ ಕೆಡವಡಿ!

ಮೊನ್ನೆ ಶಿರಸಿಲಿ ಮದುವೆ ಮನೆ ಊಟಕ್ಕೆ ಕೂತಾಗ ಪಕ್ಕದ ಅತ್ತಿಗೆ ಹೇಳ್ಚು, “ಕಂಪ್ಯೂಟರಲ್ಲಿ ಇಲ್ಲದಿದ್ದ ಡ್ರೈವ್ ಒಂದು ಕಾಣ್ತು, ಫಾರ್ಮ್ಯಾಟಿಗೆ ಕೊಡಕ್ಕು.” ಎಂಗೆ ಬಾಯಲ್ಲಿದ್ದ ಹೋಳಿಗೆ ಇಳಿದಿದ್ದಿಲ್ಲೆ. ತಲೆನೋವು ಹೇಳಿದ್ರೆ ತಲೆಯನ್ನೇ ತೆಗೆವ ಔಷಧ ಎಲ್ಲಾದ್ರೂ ಇದ್ದಾ?

ಯಮ್ಮನೆ ಕಥೆ ಕೇಳಿ. 2018ರ ಬೇಸಿಗೆಲಿ ವಿಂಡೋಸ್ 10 ತನ್ನಷ್ಟಕ್ಕೇ ಅಪ್‌ಡೇಟ್ ಆತು. ಮರುದಿನ ನೋಡಿದ್ರೆ ಸಿ, ಡಿ ಜೊತೆಗೆ ‘ಇ’ ಹೇಳಿ ಹೊಸ ಡ್ರೈವ್ ಒಂದು ಬಂದು ಕೂತಿದ್ದು. ಪೆನ್‌ಡ್ರೈವ್ ಯಾರೂ ಹಾಕಿದ್ದಿಲ್ಲೆ. ಅದರ ಗೆರೆ ಕೆಂಪು, ಗಳಿಗೆಗೊಂದ್ಸಲ ‘ಜಾಗ ಸಾಲ್ತಿಲ್ಲೆ’ ಹೇಳಿ ಬೊಬ್ಬೆ. ಇವ್ರು ಹೆದರಿ ಪ್ಯಾಟೆಗೆ ತಗಂಡು ಹೋದ್ರು. ಅಂಗಡಿ ಮಾಣಿ “ವೈರಸ್ಸು, ಪೂರಾ ಫಾರ್ಮ್ಯಾಟ್ ಮಾಡಕ್ಕು” ಹೇಳ್ದ. ಒಳಗೆ ಎಂತ ಇದ್ದು ಹೇಳಿ ಅವನೂ ಕೇಳಿದ್ನಿಲ್ಲೆ, ಇವ್ರೂ ಹೇಳಿದ್ವಿಲ್ಲೆ.

ಡಿ ಡ್ರೈವಲ್ಲಿ ಅತ್ತೆಯ ಹಾಡಿತ್ತು. ಆರತಿ ಹಾಡು, ಬಾಗಿಲು ತಡೆವ ಹಾಡು, ಎಣ್ಣೆ ಹಚ್ಚ ಹಾಡು, ಎಲ್ಲ ಎರಡು ಮಳೆಗಾಲ ಕೂತು ಆನು ರೆಕಾರ್ಡ್ ಮಾಡಿದ್ದು. ಅಷ್ಟೊತ್ತಿಗೆ ಅತ್ತೆ ತೀರಿ ವರ್ಷ ಆಗಿತ್ತು. ಕಂಪ್ಯೂಟರ್ ಫಳಫಳ ಹೊಳೀತಾ ಮನೆಗೆ ಬಂತು. ಹಾಡು ಬಂದಿದ್ದಿಲ್ಲೆ.

ತಿಂಗಳೊಳಗೆ ಯಲ್ಲಾಪುರದ ತಂಗಿ ಮನೆಲೂ ಅದೇ ‘ಇ’. ಈ ಸಲ ಬೆಂಗಳೂರಲ್ಲಿಪ್ಪ ಮಗಳಿಗೆ ಫೋನ್ ಮಾಡ್ದಿ. ಆ ಅಪ್‌ಡೇಟ್ ಆದಮೇಲೆ ಸುಮಾರು ಜನರಿಗೆ ಹಿಂಗೇ ಆಗಿತ್ತಡ. ಕಂಪ್ಯೂಟರ್ ಕೆಟ್ರೆ ಸರಿ ಮಾಡಲೆ ಹೇಳಿ ಡಿಸ್ಕಲ್ಲಿ ಕೆಲವು ನೂರು ಎಂಬಿಯಷ್ಟು ಜಾಗ ಮುಚ್ಚಿಟ್ಟಿರ್ತ, ಅದಕ್ಕೆ ರಿಕವರಿ ಪಾರ್ಟಿಷನ್ ಹೇಳ್ತ. ಅಪ್‌ಡೇಟು ತಪ್ಪಿ ಅದಕ್ಕೊಂದು ಅಕ್ಷರ ಕೊಟ್ಬಿಟ್ಟಿತ್ತು. ಪಂಚಾಯ್ತಿಯವ್ರು ಉಗ್ರಾಣದ ಬಾಗಿಲಿಗೂ ಮನೆ ನಂಬರ್ ಹೊಡದು ಹೋದಾಂಗೆ! ನಂಬರಿನ ತಗಡು ಕಿತ್ರೆ ಮುಗತ್ತು. ಅದಕ್ಕೆ ಮನೆಯನ್ನೇ ಕೆಡವದಾ?

ತಂಗಿ ಮನೆಲಿ ಮಾಡಿದ್ದು ಇಷ್ಟೇಯ. ಮೊದಲು ಪೆನ್‌ಡ್ರೈವ್, ಕಾರ್ಡ್ ಎಲ್ಲ ತೆಗೆದು ನೋಡಿದ್ದು. (ಕೆಲವು ಸಲ ಖಾಲಿ ಕಾರ್ಡ್ ರೀಡರಿಗೂ ಅಕ್ಷರ ಬತ್ತು, ಅದರಿಂದ ಎಂತ ತೊಂದರೆನೂ ಇಲ್ಲೆ.) ಆಮೇಲೆ ಸ್ಟಾರ್ಟ್ ಗುಂಡಿ ಮೇಲೆ ಬಲ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ‘ಇ’ ಹೇಳದು ಆ ರಿಕವರಿ ಜಾಗವೇ ಹೌದಾ ಹೇಳಿ ಖಾತ್ರಿ ಮಾಡ್ಕಂಡಿದ್ದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು, ಮಗಳು ಹೇಳ್ದಾಂಗೆ ‘ಮೌಂಟ್‌ವಾಲ್’ ಹೇಳಿ ಇಂಗ್ಲಿಷಲ್ಲಿ ಹೊಡದು, ಜಾಗ ಬಿಟ್ಟು ಇ, ಕೋಲನ್, ಮತ್ತೆ ಜಾಗ ಬಿಟ್ಟು ಓರೆಗೆರೆ, ಡಿ. ಎಂಟರ್ ಒತ್ತಿದ್ದೇ ‘ಇ’ ಮಾಯ! ಒಳಗಿದ್ದಿದ್ದು ಒಂದೂ ಅಳಿಸಿದ್ದಿಲ್ಲೆ. ಪೈಸೆ ಖರ್ಚಿಲ್ಲೆ.

ಫಾರ್ಮ್ಯಾಟ್ ಬೇಕೇ ಬೇಕಾಗ ಹೊತ್ತೂ ಇದ್ದು, ಇಲ್ಲೆ ಹೇಳ್ತ್ನಿಲ್ಲೆ. ಆದ್ರೆ ಅದು ಕಡೇ ಔಷಧ. “ಹೆಂಗಸ್ರಿಗೆ ಎಂತಕೆ ಈ ಉಸಾಬರಿ?” ಹೇಳವ್ರಿಗೆ ಎನ್ನ ಪ್ರಶ್ನೆ: ಭರಣಿಲಿ ಎಂತ ಇದ್ದು ಹೇಳಿ ನೋಡದೇ ಯಾರಾದ್ರೂ ತೊಳೆಯಲೆ ಹಾಕ್ತ್ವಾ? ಮನೆಯ ಫೋಟೋ, ಹಾಡು, ಲೆಕ್ಕ ಎಲ್ಲ ಜೋಪಾನ ಮಾಡದು ನಾವು. ಅಳಿಸ ಮೊದಲು ಕೇಳ ಹಕ್ಕೂ ನಮ್ಮದೇ.

ತಪ್ಪು ಎನ್ನದೂ ಇದ್ದು, ಒಂದು ಪ್ರತಿ ಬೇರೆ ಕಡೆ ಇಟ್ಟಿದ್ನಿಲ್ಲೆ. ನಿಂಗ ಇವತ್ತೇ ಇಟ್ಕಳಿ. ಅಂಗಡಿಯವ್ರು ಫಾರ್ಮ್ಯಾಟ್ ಹೇಳಿದ್ರೆ “ಎಂತಕೆ? ಎಂತೆಲ್ಲ ಹೋಗ್ತು?” ಹೇಳಿ ಕೇಳಿ. ಉತ್ತರ ಬತ್ತಿಲ್ಲೆ ಹೇಳಾದ್ರೆ ಕಂಪ್ಯೂಟರ್ ವಾಪಸ್ ತಗಂಡು ಬನ್ನಿ.